ಎರಡು ರಂಧ್ರಗಳ ನಡುವಿನ ಚಿನ್ನ

2020ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರ ಜಿಲ್ಲೆಯ ನೆಲದಡಿಯಲ್ಲಿ 3,000 ಟನ್ನಿಗೂ ಮಿಕ್ಕಿದ ಚಿನ್ನ ಪತ್ತೆಯಾಗಿದೆ ಎಂಬ ಸುದ್ದಿ ದೇಶದ ಬಹುತೇಕ ಪತ್ರಿಕೆಗಳಲ್ಲಿ ಪ್ರಕಟವಾಯಿತು. ರಿಸರ್ವ್ ಬ್ಯಾಂಕಿನ ಬಳಿ ಆಗ ಇದ್ದ ಚಿನ್ನವೆಲ್ಲ ಸೇರಿದರೂ ಅದರ ಐದನೆಯ ಒಂದು ಪಾಲಿನ ಆಸುಪಾಸಿನಲ್ಲಿತ್ತು. ಹಾಗಾಗಿ ತಲೆಗೆ ಎಷ್ಟೆಷ್ಟು ಬರುತ್ತದೆ ಎಂದು ಭಾಗಿಸುವವರಿಗೆ ಕೈತುಂಬ ಕೆಲಸ ಸಿಕ್ಕಿತು. ಅದೇ ತಿಂಗಳ 22ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸ್ಪಷ್ಟನೆ ಕೊಟ್ಟಿತು. ಸಂಸ್ಥೆ ಅಲ್ಲಿ ಅಂದಾಜು ಮಾಡಿದ್ದು 52,806.25 ಟನ್ ಅದಿರನ್ನು. ಅದರಲ್ಲಿ ಟನ್ನಿಗೆ ಸರಾಸರಿ 3.03 ಗ್ರಾಂ ಚಿನ್ನ. ಒಟ್ಟು ಚಿನ್ನ ಸುಮಾರು 160 ಕಿಲೋ.

ಈ ಎರಡು ಅಂಕಿಗಳನ್ನು ಯಾರು ಬೇಕಾದರೂ ಗುಣಿಸಿ ನೋಡಬಹುದು. ಚಿನ್ನದ ಸಾಂದ್ರತೆ ನೀರಿಗಿಂತ 19.3 ಪಟ್ಟು ಹೆಚ್ಚಾದ್ದರಿಂದ 160 ಕಿಲೋ ಚಿನ್ನವನ್ನು ಕರಗಿಸಿ ಹೊಯ್ದರೆ ಹತ್ತು ಲೀಟರಿನ ಕೊಡವೊಂದು ತುಂಬುವುದಿಲ್ಲ. ಅದು ಹುದುಗಿರುವ ಅದಿರನ್ನೂ ಕಣ್ಣಿಗೆ ಕಟ್ಟಿಕೊಳ್ಳಬಹುದು: ಎರಡೂವರೆ ಎಕರೆಯ ಒಂದು ಅಡಕೆ ತೋಟವನ್ನು ಆಳುದ್ದಕ್ಕಿಂತ ತುಸು ಹೆಚ್ಚು, ಎರಡು ಮೀಟರಿನಷ್ಟು, ಕಲ್ಲಾಗಿ ಅಗೆದು ತೆಗೆದರೆ ಸಿಗುವಷ್ಟು ರಾಶಿ. ಮೂರು ಸಾವಿರ ಟನ್ನಿಗೂ 160 ಕಿಲೋಗೂ ನಡುವಿನ ಅಂತರ ಹದಿನೆಂಟು ಸಾವಿರ ಪಟ್ಟಿಗೂ ಹೆಚ್ಚು. ಮಾವಿನ ಫಸಲಿನ ಅಂದಾಜಿನಲ್ಲಿ ಯಾರಾದರೂ ಇಷ್ಟು ತಪ್ಪಿದ್ದರೆ ಅವರಿಗೆ ಮರುವರ್ಷ ತೋಪಿನ ಗುತ್ತಿಗೆ ಸಿಗುತ್ತಿರಲಿಲ್ಲ.

ಉತ್ತರ ಕನ್ನಡದಲ್ಲಿ ಕುಳಿತು ಈ ಲೆಕ್ಕವನ್ನು ಬಿಡಿಸುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಗಳಿದ್ದರೆ ಘಟ್ಟದ ಮೇಲೆ ಧಾರವಾಡ ವರ್ಗದ, ಶಿಸ್ಟ್ ಎಂಬ ಪದರಪದರವಾದ ಶಿಲೆಗಳ ಪಟ್ಟಿ ಹಾದುಹೋಗಿದೆ. ಜೋಯಿಡಾ, ಯಲ್ಲಾಪುರದ ಕಡೆ ಹಿಂದೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ತೆಗೆದದ್ದು ಇದೇ ವರ್ಗದ ಶಿಲೆಗಳಿಂದ. ಶಿರಸಿಯಿಂದ ಘಟ್ಟದ ಮೂಡಣಕ್ಕೆ ಇಳಿದರೆ ಸಿಗುವ ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಚಿನ್ನದ ಅದಿರು ಗುರುತಾಗಿರುವುದೂ ಧಾರವಾಡ-ಶಿವಮೊಗ್ಗ ಶಿಸ್ಟ್ ಪಟ್ಟಿಯಲ್ಲೇ. ಇದರಿಂದ ನಮ್ಮ ಕಾಡಿನಡಿಯೂ ಚಿನ್ನವಿದೆ ಎಂದು ಸಾಧಿತವಾಗುವುದಿಲ್ಲ; ಆದರೆ ಹುಡುಕುವವರ ಕಣ್ಣು ಇತ್ತ ತಿರುಗಲು ಇಷ್ಟು ಸಾಕು. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಹಿಂದೆ ಕೈಬಿಟ್ಟ ನೆಲವೆಲ್ಲ ಮತ್ತೆ ಲೆಕ್ಕಕ್ಕೆ ಬಂದಿದೆ. 2023ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿ ಚಿನ್ನವೂ ಸೇರಿದಂತೆ 29 ಖನಿಜಗಳಿಗೆ ಅನ್ವೇಷಣಾ ಪರವಾನಗಿ ಎಂಬ ಹೊಸ ವ್ಯವಸ್ಥೆಯನ್ನು ತೆರೆಯಿತು. ಅದೇ ವರ್ಷ ಅರಣ್ಯ ಸಂರಕ್ಷಣಾ ಕಾಯ್ದೆಗೆ ಬಂದ ತಿದ್ದುಪಡಿಯ ಪ್ರಕಾರ ಖನಿಜ ಶೋಧದ ಸಮೀಕ್ಷೆಗಳನ್ನು, ಕೇಂದ್ರ ಸರ್ಕಾರ ವಿಧಿಸುವ ಷರತ್ತುಗಳಿಗೆ ಒಳಪಟ್ಟು, ಅರಣ್ಯೇತರ ಬಳಕೆಯೆಂದು ಪರಿಗಣಿಸದೆ ಇರಲು ಅವಕಾಶವಾಯಿತು. ಬಹುಪಾಲು ಕಾಡೇ ಆಗಿರುವ ಜಿಲ್ಲೆಯೊಂದರಲ್ಲಿ ಮುಂದೊಂದು ದಿನ ‘ಇಲ್ಲಿ ಇಷ್ಟು ಟನ್ ಚಿನ್ನವಿದೆ’ ಎಂಬ ವಾಕ್ಯ ಕೇಳಿಬಂದರೆ ಅದರ ಬೆನ್ನಿಗೆ ಪರವಾದ ಮತ್ತು ವಿರೋಧವಾದ ಮಾತುಗಳೆಲ್ಲ ಆ ಅಂಕಿಯನ್ನೇ ನೆಲೆಯಾಗಿ ಹಿಡಿದು ಸಾಗುತ್ತವೆ. ಆದ್ದರಿಂದ ಆ ಅಂಕಿ ಹುಟ್ಟುವುದು ಎಲ್ಲಿಂದ ಎಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಮೇಲ್ನೋಟಕ್ಕೆ ಲೆಕ್ಕ ಬಹಳ ಸರಳ. ಅದಿರಿನ ಪಟ್ಟಿಯ ಉದ್ದ, ಆಳ, ದಪ್ಪ ಇವನ್ನು ಗುಣಿಸಿದರೆ ಗಾತ್ರ. ಅದನ್ನು ಕಲ್ಲಿನ ಸಾಂದ್ರತೆಯಿಂದ ಗುಣಿಸಿದರೆ ಟನ್. ಟನ್ನಿಗೆ ಎಷ್ಟು ಗ್ರಾಂ ಎಂಬುದರಿಂದ ಮತ್ತೆ ಗುಣಿಸಿದರೆ ಚಿನ್ನ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಬೆಣಚುಕಲ್ಲಿನ ಪಟ್ಟಿಯೊಂದು ನೆಲದಡಿಯಲ್ಲಿ 400 ಮೀಟರ್ ಉದ್ದಕ್ಕೆ, 200 ಮೀಟರ್ ಆಳಕ್ಕೆ, 2 ಮೀಟರ್ ದಪ್ಪಕ್ಕೆ ಗೋಡೆಯಂತೆ ನಿಂತಿದೆ. ಗಾತ್ರ 1,60,000 ಘನ ಮೀಟರ್. ಸಾಂದ್ರತೆ 2.8 ಎಂದರೆ 4,48,000 ಟನ್. ಟನ್ನಿಗೆ 4 ಗ್ರಾಂ ಇದ್ದರೆ 1,792 ಕಿಲೋ ಚಿನ್ನ. ಗುಣಾಕಾರದ ಗುಣವೇನೆಂದರೆ, ಅದರಲ್ಲಿ ಯಾವ ಅಂಶ ತಪ್ಪಿದರೂ ಉತ್ತರ ಅಷ್ಟೇ ಪಾಲು ತಪ್ಪುತ್ತದೆ, ಮತ್ತು ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ವಾಲಿದರೆ ಒಂದರ ಮೇಲೊಂದು ಬೆಳೆಯುತ್ತವೆ.

ದಪ್ಪವನ್ನೇ ನೋಡಿ. ನೆಲದಡಿಯ ಪಟ್ಟಿಯನ್ನು ಯಾರೂ ಕಂಡಿರುವುದಿಲ್ಲ. ವಜ್ರದ ಹಲ್ಲುಗಳಿರುವ ಕೊಳವೆಯಿಂದ ಓರೆಯಾಗಿ ಕೊರೆದು, ಹಿಡಿಕೆಯಷ್ಟು ದಪ್ಪದ ಕಲ್ಲಿನ ಕಂಬಿಯನ್ನು ಹೊರಗೆಳೆದು ನೋಡಿರುತ್ತಾರೆ. ಕೋರ್ ಎಂದು ಕರೆಯುವ ಆ ಕಂಬಿಯಲ್ಲಿ ಅದಿರು 4 ಮೀಟರ್ ಉದ್ದಕ್ಕೆ ಕಂಡರೆ ಪಟ್ಟಿಯ ದಪ್ಪ 4 ಮೀಟರ್ ಎಂದಲ್ಲ. ಕೊರೆತ ಪಟ್ಟಿಯನ್ನು 30 ಡಿಗ್ರಿ ಕೋನದಲ್ಲಿ ಸೀಳಿಕೊಂಡು ಹೋಗಿದ್ದರೆ ನಿಜವಾದ ದಪ್ಪ ಅದರ ಅರ್ಧ, ಅಂದರೆ 2 ಮೀಟರ್. ಬಾಳೆಕಾಯಿಯನ್ನು ಚಿಪ್ಸಿಗೆಂದು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುತ್ತದೆ, ಬಾಳೆಕಾಯಿ ದಪ್ಪವಾಗುವುದಿಲ್ಲ. ಕಂಪನಿಗಳ ಪ್ರಕಟಣೆಗಳಲ್ಲಿ ‘ಇಷ್ಟು ಮೀಟರ್ ಉದ್ದಕ್ಕೆ ಇಷ್ಟು ಗ್ರಾಂ’ ಎಂಬ ಸಾಲು ಕಂಡಾಗ ಅದು ಕೊರೆದ ಉದ್ದವೋ ನಿಜವಾದ ದಪ್ಪವೋ ಎಂದು ಕೇಳಬೇಕಾದದ್ದು ಇದಕ್ಕೇ.

ಸಾಂದ್ರತೆಯನ್ನು ಸಾಮಾನ್ಯವಾಗಿ ಯಾರೂ ಪ್ರಶ್ನಿಸುವುದಿಲ್ಲ. ಆದರೆ ನಮ್ಮ ಕಡೆಯಂಥ ಮಳೆನಾಡಿನಲ್ಲಿ ಅದೂ ಸುಲಭದ ಮಾತಲ್ಲ. ಲಕ್ಷಾಂತರ ವರ್ಷಗಳ ಮಳೆ ಮೇಲ್ಪದರದ ಕಲ್ಲನ್ನು ಕೊರೆದು, ಕರಗುವುದನ್ನೆಲ್ಲ ತೊಳೆದು, ಉಳಿದದ್ದನ್ನು ಚಿರೇಕಲ್ಲಾಗಿ ಮಾಡಿದೆ. ಮನೆ ಕಟ್ಟಲು ಚಿರೇಕಲ್ಲು ಹೊತ್ತವರಿಗೆ ಅದರೊಳಗಿನ ತೂತುಗಳು ಗೊತ್ತು, ಅದೇ ಗಾತ್ರದ ಕಪ್ಪುಕಲ್ಲಿಗೂ ಅದಕ್ಕೂ ಇರುವ ತೂಕದ ಅಂತರವೂ ಗೊತ್ತು. ಕೆಳಗಿನ ಗಟ್ಟಿ ಕಲ್ಲಿನ 2.8ನ್ನೇ ಮೇಲಿನ ಸವೆದ ಪದರಕ್ಕೂ ಹಚ್ಚಿದರೆ, ಅಲ್ಲಿ ನಿಜದ ಸಾಂದ್ರತೆ 2 ಇದ್ದಲ್ಲಿ, ಆ ಭಾಗದ ಟನ್ ಲೆಕ್ಕ ಶೇಕಡಾ 40ರಷ್ಟು ಉಬ್ಬುತ್ತದೆ. ಜೊತೆಗೆ ಇಂಥ ಮೆತ್ತನೆಯ, ಬಿರುಕುಬಿಟ್ಟ ಪದರದಲ್ಲಿ ಕೋರ್ ಪೂರ್ತಿಯಾಗಿ ಮೇಲೆ ಬರುವುದಿಲ್ಲ. ಒಂದಷ್ಟು ಪುಡಿಯಾಗಿ ಕೊರೆತದ ನೀರಿನೊಂದಿಗೆ ಹೋಗುತ್ತದೆ. ಹೋದ ಭಾಗದಲ್ಲಿ ಚಿನ್ನ ಹೆಚ್ಚಿತ್ತೋ ಕಡಿಮೆಯಿತ್ತೋ ಎಂದು ಉಳಿದ ಭಾಗ ಹೇಳಲಾರದು.

ಇಷ್ಟಾದರೂ ಗಾತ್ರ ಮತ್ತು ತೂಕದ ತಪ್ಪುಗಳು ಅಳತೆಯ ತಪ್ಪುಗಳು, ಎಚ್ಚರವಿದ್ದರೆ ಹಿಡಿಯಬಹುದು. ಚಿನ್ನದ ವಿಷಯದಲ್ಲಿ ನಿಜವಾದ ತೊಡಕು ಇರುವುದು ಮೂರನೆಯ ಅಂಶದಲ್ಲಿ, ಟನ್ನಿಗೆ ಎಷ್ಟು ಗ್ರಾಂ ಎಂಬುದರಲ್ಲಿ.

ಶಿರಸಿಯ ಅಡಕೆ ಮಾರುಕಟ್ಟೆಯಲ್ಲಿ ಟೆಂಡರಿಗೆ ಮುನ್ನ ವ್ಯಾಪಾರಿಗಳು ಒಂದೊಂದೇ ರಾಶಿಯ ಬಳಿ ನಿಂತು, ಕೈಹಾಕಿ ಒಂದು ಹಿಡಿ ಚಾಲಿಯನ್ನು ಎತ್ತಿ, ಎರಡನ್ನು ಕತ್ತರಿಸಿ ಒಳಗನ್ನು ನೋಡಿ, ಚೀಟಿಯಲ್ಲಿ ದರ ಬರೆದು ಮುಂದೆ ಹೋಗುತ್ತಾರೆ. ಕ್ವಿಂಟಲ್‌ಗಟ್ಟಲೆ ಮಾಲಿಗೆ ಒಂದು ಹಿಡಿ ಸಾಕಾಗುವುದು ಏಕೆಂದರೆ ಒಂದೇ ತೋಟದ, ಒಂದೇ ಅಂಗಳದಲ್ಲಿ ಒಣಗಿದ ಅಡಕೆ ಒಂದರಂತೆ ಇನ್ನೊಂದು ಇರುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂಬ ಮಾತೂ ಇದೇ ನಂಬಿಕೆಯ ಮೇಲೆ ನಿಂತಿದೆ. ಕಬ್ಬಿಣದ ಅದಿರಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ: ಬೇಲೆಕೇರಿ ಬಂದರಿನಲ್ಲಿ ರಾಶಿ ಬಿದ್ದಿದ್ದಂಥ ಅದಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಕಬ್ಬಿಣದ್ದೇ, ರಾಶಿಯ ಎಲ್ಲಿಂದ ಮೊಗೆದರೂ ಉತ್ತರ ಹೆಚ್ಚು ಬದಲಾಗದು. ಅಲ್ಲಿ 2010ರಲ್ಲಿ ಜಪ್ತಿಯಾದ ಲಕ್ಷಾಂತರ ಟನ್ ಅದಿರು ಮಾಯವಾದದ್ದು ಬೇರೆಯೇ ಕತೆ. ಅದು ಮಾದರಿ ವಿಜ್ಞಾನದ ಸಮಸ್ಯೆಯಾಗಿರಲಿಲ್ಲ.

ಚಿನ್ನದ ಅದಿರು ಈ ಗುಂಪಿಗೆ ಸೇರಿದ್ದಲ್ಲ. ಟನ್ನಿಗೆ 4 ಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ನಾಲ್ಕು ಪಾಲು. ಐವತ್ತು ಕಿಲೋ ಬಿಳಿ ಅಕ್ಕಿಯ ಚೀಲದಲ್ಲಿ ಹತ್ತು ಕೆಂಪಕ್ಕಿ ಕಾಳುಗಳನ್ನು ಬೆರೆಸಿದರೆ ಸುಮಾರು ಅಷ್ಟಾಗುತ್ತದೆ. ಚೀಲಕ್ಕೆ ಕೈಹಾಕಿ ಒಂದು ಹಿಡಿ ಅಕ್ಕಿ ತೆಗೆದವನಿಗೆ ಕೆಂಪು ಕಾಳು ಸಿಗುವುದೇ ಅಪರೂಪ. ಸಿಕ್ಕರೆ, ಆ ಹಿಡಿಯನ್ನು ನಂಬಿ ಚೀಲದ ಲೆಕ್ಕ ಹಾಕಿದಾಗ ಚೀಲದಲ್ಲಿ ನೂರಾರು ಕೆಂಪು ಕಾಳುಗಳಿವೆ ಎಂಬ ತೀರ್ಮಾನಕ್ಕೆ ಬರುತ್ತಾನೆ. ಎರಡೂ ತಪ್ಪೇ.

ಪ್ರಯೋಗಾಲಯದ ಮಟ್ಟದಲ್ಲಿ ಇದು ಎಷ್ಟು ತೀಕ್ಷ್ಣವೆಂದು ಒಂದು ಎಣಿಕೆಯಿಂದ ತಿಳಿಯಬಹುದು. ಕೋರನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದು ಅರ್ಧವನ್ನು ಪೆಟ್ಟಿಗೆಯಲ್ಲಿ ಉಳಿಸಿ, ಇನ್ನೊಂದನ್ನು ಮೀಟರಿಗೊಂದರಂತೆ ತುಂಡುಮಾಡಿ, ಪುಡಿಮಾಡಿ, ಅರೆದು, ಆ ಹಿಟ್ಟಿನಿಂದ 30 ಅಥವಾ 50 ಗ್ರಾಂ ಅನ್ನು ಪರೀಕ್ಷೆಗೆ ತೆಗೆಯುತ್ತಾರೆ. ಚಿನ್ನ ಮೆತುವಾದ ಲೋಹವಾದ್ದರಿಂದ ಕಲ್ಲಿನಂತೆ ಹಿಟ್ಟಾಗದೆ ಚಪ್ಪಟೆಯಾಗಿ ಕಣವಾಗಿಯೇ ಉಳಿಯಬಹುದು. ಮಿಲಿಮೀಟರಿನ ಐದನೆಯ ಒಂದು ಪಾಲು ಅಡ್ಡಳತೆಯ ಚಿನ್ನದ ಗುಂಡು ಕಣವೊಂದರ ತೂಕ ಸುಮಾರು 80 ಮೈಕ್ರೋಗ್ರಾಂ. ಟನ್ನಿಗೆ 4 ಗ್ರಾಂ ಇರುವ ಅದಿರಿನ 30 ಗ್ರಾಂ ಹಿಟ್ಟಿನಲ್ಲಿ ಇರಬೇಕಾದ ಚಿನ್ನ 120 ಮೈಕ್ರೋಗ್ರಾಂ, ಅಂದರೆ ಇಂಥ ಒಂದೂವರೆ ಕಣ. ಆದರೆ ಅರ್ಧ ಕಣ ಎಂಬುದಿಲ್ಲ. ಹಿಟ್ಟಿನಲ್ಲಿ ಕಣವೇ ಬಾರದಿದ್ದರೆ ಉತ್ತರ ಸೊನ್ನೆ. ಒಂದು ಬಂದರೆ ಟನ್ನಿಗೆ 2.7 ಗ್ರಾಂ, ಎರಡು ಬಂದರೆ 5.4, ಮೂರು ಬಂದರೆ 8. ಸಂಭಾವ್ಯತೆಯ ಲೆಕ್ಕದಂತೆ ಐದು ಸಲ ಪರೀಕ್ಷಿಸಿದರೆ ಒಂದು ಸಲವಾದರೂ ಇದೇ ಒಳ್ಳೆಯ ಅದಿರು ಬರಡು ಕಲ್ಲೆಂದು ತೋರುವ ಸಾಧ್ಯತೆಯಿದೆ. ಯಂತ್ರದಲ್ಲಿ ದೋಷವಿಲ್ಲ, ಪರೀಕ್ಷಿಸಿದವರಲ್ಲಿ ದೋಷವಿಲ್ಲ, ಆದರೂ ಉತ್ತರ ಸೊನ್ನೆಯಿಂದ ಎಂಟರವರೆಗೆ ಓಡಾಡುತ್ತದೆ. ಇದನ್ನು ಗಣಿಶಾಸ್ತ್ರದಲ್ಲಿ ನಗೆಟ್ ಪರಿಣಾಮ ಎನ್ನುತ್ತಾರೆ. ದೊಡ್ಡ ಮಾದರಿ ತೆಗೆಯುವುದು, ಇನ್ನೂ ನುಣ್ಣಗೆ ಅರೆಯುವುದು, ಜರಡಿ ಹಿಡಿದು ದಪ್ಪ ಕಣಗಳನ್ನು ಬೇರೆಯಾಗಿಯೇ ತೂಗುವುದು, ಇವು ಅದಕ್ಕಿರುವ ಮದ್ದು. ಮೂರಕ್ಕೂ ಹಣ ಬೇಕು.

ಪರೀಕ್ಷೆಯ ವಿಧಾನ ಮಾತ್ರ ನಮ್ಮ ಅಕ್ಕಸಾಲಿಗರಿಗೆ ಅಪರಿಚಿತವಲ್ಲ. ಅರೆದ ಹಿಟ್ಟಿಗೆ ಸೀಸದ ಬೂದಿ, ಸೋಡಾ, ಬಿಳಿಗಾರ ಸೇರಿಸಿ ಮೂಸೆಯಲ್ಲಿಟ್ಟು ಸಾವಿರ ಡಿಗ್ರಿಗೂ ಮಿಕ್ಕ ಶಾಖದಲ್ಲಿ ಕರಗಿಸಿದರೆ ಸೀಸ ಚಿನ್ನವನ್ನು ತನ್ನೊಳಗೆ ಸೆಳೆದುಕೊಂಡು ತಳಕ್ಕಿಳಿಯುತ್ತದೆ. ಆ ಸೀಸದ ಗುಂಡನ್ನು ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಮತ್ತೆ ಪುಟ ಕೊಟ್ಟಾಗ ಬಟ್ಟಲು ಸೀಸವನ್ನು ಹೀರಿಕೊಂಡು, ಚಿನ್ನ-ಬೆಳ್ಳಿಯ ಸಾಸಿವೆಗಿಂತ ಸಣ್ಣ ಮಣಿಯೊಂದು ಉಳಿಯುತ್ತದೆ. ನೈಟ್ರಿಕ್ ಆಮ್ಲ ಬೆಳ್ಳಿಯನ್ನು ಕರಗಿಸಿದ ಮೇಲೆ ಉಳಿದದ್ದು ಚಿನ್ನ. ಇಷ್ಟು ಹಳೆಯ ವಿದ್ಯೆಯೇ ಇಂದಿಗೂ ಚಿನ್ನದ ಅದಿರಿನ ಪರೀಕ್ಷೆಗೆ ಮೇಲ್ಪಂಕ್ತಿಯಾಗಿದೆ. ಕೊನೆಯ ಅಳತೆಗೆ ಮಾತ್ರ ತಕ್ಕಡಿಯ ಬದಲು ಹೆಚ್ಚಿನ ಕಡೆ ಬೇರೆ ಉಪಕರಣಗಳು ಬಂದಿವೆ.

ಮಾದರಿಯೊಳಗಿನ ಅನಿಶ್ಚಯ ಒಂದಾದರೆ ಮಾದರಿಗಳ ನಡುವಿನದು ಇನ್ನೊಂದು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದೇ. ಸಾಮಾನ್ಯವಾಗಿ ಬಳಸುವ ಒಂದು ಅಳತೆಯ ಕೋರಿನ ಅಡ್ಡಳತೆ 47.6 ಮಿಲಿಮೀಟರ್. ಐವತ್ತು ಮೀಟರಿಗೊಂದರಂತೆ ಎರಡೂ ದಿಕ್ಕಿನಲ್ಲಿ ರಂಧ್ರಗಳನ್ನು ಕೊರೆದರೆ ಪ್ರತಿ ರಂಧ್ರವೂ 2,500 ಚದರ ಮೀಟರ್ ಅದಿರಿನ ಪರವಾಗಿ ಮಾತನಾಡಬೇಕು. ಗುಣಿಸಿ ನೋಡಿದರೆ ನಾವು ಕಣ್ಣಾರೆ ಕಂಡ ಕಲ್ಲು ಹದಿನಾಲ್ಕು ಲಕ್ಷದಲ್ಲಿ ಒಂದು ಪಾಲು. ಉಳಿದದ್ದೆಲ್ಲ ಊಹೆ, ಆಧಾರವಿರುವ, ಶಿಸ್ತಿನ, ಗಣಿತದ ಬೆಂಬಲವಿರುವ ಊಹೆ ಹೌದು, ಆದರೂ ಊಹೆ. ಬೋರ್‌ವೆಲ್ ತೋಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪಕ್ಕದ ತೋಟದಲ್ಲಿ ಇನ್ನೂರು ಅಡಿಗೆ ಮೂರು ಇಂಚು ನೀರು ಬಿದ್ದಿತೆಂದು ಅಲ್ಲಿಂದ ಐವತ್ತು ಅಡಿ ದೂರದಲ್ಲಿ ಕೊರೆಸಿ ಬರೀ ಧೂಳು ಕಂಡವರು ಊರಿಗೊಬ್ಬರಾದರೂ ಇದ್ದಾರೆ. ಬಿರುಕಿನಲ್ಲಿ ಹರಿದು ಬಂದ ನೀರು ಹೇಗೆ ಹರಡಿಕೊಂಡಿರುತ್ತದೋ, ಕೋಟ್ಯಂತರ ವರ್ಷಗಳ ಹಿಂದೆ ಬಿರುಕಿನಲ್ಲಿ ಹರಿದು ಬಂದ ಬಿಸಿನೀರು ಇಟ್ಟುಹೋದ ಚಿನ್ನವೂ ಹಾಗೆಯೇ ಹರಡಿಕೊಂಡಿರುತ್ತದೆ.

ಹಳೆಯ ಪದ್ಧತಿಯಲ್ಲಿ ಪ್ರತಿ ರಂಧ್ರದ ಸುತ್ತ ಒಂದು ಬಹುಭುಜ ಎಳೆದು, ರಂಧ್ರದಲ್ಲಿ ಕಂಡ ಪ್ರಮಾಣವೇ ಆ ಬಹುಭುಜಕ್ಕೆಲ್ಲ ಎಂದು ಹಿಡಿಯುತ್ತಿದ್ದರು. ಇದು ಎಷ್ಟು ಅಪಾಯಕಾರಿ ಎಂಬುದು ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳಲ್ಲಿ ಗೊತ್ತಾಯಿತು. ಮಾದರಿಗಳು ಬಹಳ ಶ್ರೀಮಂತವೆಂದು ತೋರಿಸಿದ ಭಾಗಗಳನ್ನು ಅಗೆದಾಗ ಅಷ್ಟು ಚಿನ್ನ ಸಿಗುತ್ತಿರಲಿಲ್ಲ. ಬಡವೆಂದು ತೋರಿಸಿದ ಕಡೆ ಹೇಳಿದ್ದಕ್ಕಿಂತ ಹೆಚ್ಚು ಸಿಗುತ್ತಿತ್ತು. ಅಲ್ಲಿನ ಗಣಿ ಎಂಜಿನಿಯರ್ ಡ್ಯಾನಿ ಕ್ರೀಗ್ 1951ರಲ್ಲಿ ಇದಕ್ಕೆ ಸಂಖ್ಯಾಶಾಸ್ತ್ರದ ವಿವರಣೆ ಕೊಟ್ಟರು. ಅತಿ ಹೆಚ್ಚಿನ ಅಂಕಿ ಬಂದಲ್ಲಿ ಅದೃಷ್ಟದ ಪಾಲೂ ಸೇರಿರುತ್ತದೆ. ಅದನ್ನು ಸುತ್ತಲಿನ ಅಂಕಿಗಳತ್ತ ಸ್ವಲ್ಪ ಎಳೆದು ತಗ್ಗಿಸಿದರೆ ಅಂದಾಜು ನಿಜಕ್ಕೆ ಹತ್ತಿರವಾಗುತ್ತದೆ. ಫ್ರಾನ್ಸಿನ ಜಾರ್ಜ್ ಮಾತೆರೋನ್ 1960ರ ದಶಕದಲ್ಲಿ ಇದಕ್ಕೆ ಪೂರ್ಣ ಗಣಿತದ ರೂಪ ಕೊಟ್ಟು ಕ್ರೀಗ್ ಅವರ ಹೆಸರಿನಲ್ಲೇ ಕ್ರೀಗಿಂಗ್ ಎಂಬ ವಿಧಾನವನ್ನು ನೆಲೆಗೊಳಿಸಿದರು. ಎರಡು ಮಾದರಿಗಳ ನಡುವಿನ ದೂರ ಹೆಚ್ಚಿದಂತೆ ಅವುಗಳ ಹೋಲಿಕೆ ಹೇಗೆ ಕಳೆದುಹೋಗುತ್ತದೆ ಎಂಬುದನ್ನು ಮೊದಲು ಅಳೆದು, ಆ ಅಳತೆಯ ಆಧಾರದ ಮೇಲೆ ಹತ್ತಿರದ ರಂಧ್ರಕ್ಕೆ ಎಷ್ಟು ತೂಕ, ದೂರದ್ದಕ್ಕೆ ಎಷ್ಟು ತೂಕ ಎಂದು ನಿರ್ಧರಿಸುವುದು ಅದರ ಸಾರ. ಹೋಲಿಕೆ ಮೂವತ್ತು ಮೀಟರಿಗೇ ಮುಗಿದುಹೋಗುವ ನೆಲದಲ್ಲಿ ನೂರು ಮೀಟರಿಗೊಂದು ರಂಧ್ರ ಕೊರೆದು ಕಂಪ್ಯೂಟರಿನಲ್ಲಿ ಎಷ್ಟು ಬಣ್ಣದ ನಕ್ಷೆ ಬಿಡಿಸಿದರೂ ನಡುವಿನ ಬಣ್ಣಕ್ಕೆ ಅರ್ಥವಿರುವುದಿಲ್ಲ. ಕ್ರೀಗಿಂಗ್‌ನ ದೊಡ್ಡ ಉಪಕಾರ ಅಂಕಿ ಕೊಡುವುದಲ್ಲ, ಆ ಅಂಕಿಯ ಜೊತೆಗೆ ಅದನ್ನು ಎಷ್ಟು ನಂಬಬಹುದು ಎಂಬುದನ್ನೂ ಕೊಡುವುದು. ಸುದ್ದಿಯಲ್ಲಿ ಮೊದಲನೆಯದು ಮಾತ್ರ ಬರುತ್ತದೆ.

ಅಂದಾಜುಗಾರನ ವಿವೇಚನೆ ಕೈಯಾಡಿಸುವ ಜಾಗಗಳು ಇನ್ನೂ ಇವೆ. ಹತ್ತು ಮಾದರಿಗಳಲ್ಲಿ ಒಂಬತ್ತು ಸೇರಿ ಟನ್ನಿಗೆ ಸರಾಸರಿ 1.4 ಗ್ರಾಂ ತೋರಿಸಿ, ಹತ್ತನೆಯದು ಒಂದೇ 60 ಗ್ರಾಂ ತೋರಿಸಿತೆನ್ನಿ. ಹಾಗೆಯೇ ಕೂಡಿಸಿ ಭಾಗಿಸಿದರೆ ಸರಾಸರಿ 7 ಗ್ರಾಂ ದಾಟುತ್ತದೆ, ಗಣಿ ಲಾಭದಲ್ಲಿದೆ. ಆ ಒಂದು ಮಾದರಿಯ ಅಂಕಿಯನ್ನು 15 ಗ್ರಾಂಗೆ ಕತ್ತರಿಸಿದರೆ ಸರಾಸರಿ 2.76ಕ್ಕೆ ಇಳಿಯುತ್ತದೆ, ಗಣಿ ನಷ್ಟದಲ್ಲಿರಬಹುದು. ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಕೆಲವು ರೂಢಿಗಳಿವೆಯೇ ಹೊರತು ಕಲ್ಲಿನ ಮೇಲೆ ಬರೆದ ನಿಯಮವಿಲ್ಲ. ನೂರಾರು ಕೋಟಿ ರೂಪಾಯಿಯ ತೀರ್ಮಾನವೊಂದು ಕೆಲವೊಮ್ಮೆ ಇಂಥ ಒಂದು ಕಲ್ಲಿನ ತುಂಡಿನ ಮೇಲೆ ನಿಂತಿರುತ್ತದೆ ಎಂಬುದನ್ನು ಷೇರು ಕೊಳ್ಳುವವರು ಗಮನಿಸುವುದಿಲ್ಲ.

ಇನ್ನು ಅದಿರು ಎಂದರೆ ಯಾವುದು ಎಂಬ ಪ್ರಶ್ನೆ. ಚಿನ್ನದ ಸುಳಿವು ಕಲ್ಲಿನಲ್ಲಿ ಒಮ್ಮೆಲೇ ಶುರುವಾಗಿ ಒಮ್ಮೆಲೇ ನಿಲ್ಲುವುದಿಲ್ಲ. ಇಷ್ಟಕ್ಕಿಂತ ಹೆಚ್ಚಿದ್ದರೆ ಅದಿರು, ಕಡಿಮೆಯಿದ್ದರೆ ಬರೀ ಕಲ್ಲು ಎಂಬ ಗೆರೆಯನ್ನು ಮನುಷ್ಯರು ಎಳೆಯುತ್ತಾರೆ. ಮೇಲಿನ ಕಲ್ಪಿತ ಉದಾಹರಣೆಯಲ್ಲಿ ಆ ಗೆರೆ ಟನ್ನಿಗೆ 2 ಗ್ರಾಂ ಇತ್ತೆನ್ನೋಣ. ಬೆಲೆ ಏರಿತು, ಗೆರೆಯನ್ನು 1 ಗ್ರಾಂಗೆ ಇಳಿಸಿದರು. ಪಟ್ಟಿಯ ಇಕ್ಕೆಲದಲ್ಲಿದ್ದ, ಸರಾಸರಿ 1.4 ಗ್ರಾಂ ಇರುವ 3,52,000 ಟನ್ ಕಲ್ಲು ಈಗ ಅದಿರಾಯಿತು. ಒಟ್ಟು ಅದಿರು 8 ಲಕ್ಷ ಟನ್, ಸರಾಸರಿ 2.86 ಗ್ರಾಂ, ಚಿನ್ನ ಸುಮಾರು 2,285 ಕಿಲೋ. ಒಂದೇ ಒಂದು ಹೊಸ ರಂಧ್ರ ಕೊರೆಯದೆ ಚಿನ್ನ ಕಾಲು ಭಾಗಕ್ಕೂ ಹೆಚ್ಚು ಬೆಳೆಯಿತು. ‘ನಿಕ್ಷೇಪ ಹಿಗ್ಗಿದೆ’ ಎಂಬ ತಲೆಬರಹದ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಇದು ಮೋಸವಲ್ಲ; ಆದರೆ ಬೆಲೆ ಇಳಿದ ದಿನ ಅದೇ ಚಿನ್ನ ಮತ್ತೆ ಕಲ್ಲಾಗುತ್ತದೆ. ಕೋಲಾರದಲ್ಲಿ 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದಾಗ ಕೆಳಗೆ ಚಿನ್ನ ಪೂರ್ತಿ ಮುಗಿದಿರಲಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿಂದ ಒಂದು ಗ್ರಾಂ ತೆಗೆಯುವ ಖರ್ಚು ಆ ಗ್ರಾಂನ ಬೆಲೆಯನ್ನು ಮೀರಿಹೋಗಿತ್ತು.

ಇಲ್ಲಿ ನಮ್ಮ ಪತ್ರಿಕಾ ಕನ್ನಡದ ಮೇಲೊಂದು ಆಕ್ಷೇಪವನ್ನೂ ದಾಖಲಿಸಬೇಕು. ಗಣಿಶಾಸ್ತ್ರ ರಿಸೋರ್ಸ್ ಮತ್ತು ರಿಸರ್ವ್ ಎಂದು ಎರಡು ಪದಗಳನ್ನು ಕಟ್ಟುನಿಟ್ಟಾಗಿ ಬೇರೆ ಇಡುತ್ತದೆ. ಮೊದಲನೆಯದು ನೆಲದಲ್ಲಿ ಇರಬಹುದೆಂದು ಅಂದಾಜಾದದ್ದು. ಎರಡನೆಯದು ಅದರಲ್ಲಿ ಇಂದಿನ ತಂತ್ರ, ಇಂದಿನ ಬೆಲೆ, ಇಂದಿನ ಕಾನೂನಿನಡಿ ತೆಗೆದು ಲಾಭ ಮಾಡಬಹುದಾದ ಭಾಗ. ನಾವು ಎರಡಕ್ಕೂ ‘ನಿಕ್ಷೇಪ’ ಎಂದೇ ಬರೆಯುತ್ತೇವೆ. ಕೂಡಿಟ್ಟದ್ದು ಎಂಬ ಅರ್ಥ ಆ ಪದದಲ್ಲೇ ಇರುವುದರಿಂದ, ಓದುಗರಿಗೆ ಯಾರೋ ಎಣಿಸಿ ಪೆಟ್ಟಿಗೆಯಲ್ಲಿಟ್ಟ ಹಣದ ಚಿತ್ರ ಮೂಡುತ್ತದೆ. ಭಾರತದಲ್ಲಿ 2015ರ ಖನಿಜಾಂಶ ಪುರಾವೆ ನಿಯಮಗಳು ಅನ್ವೇಷಣೆಯನ್ನು ಜಿ4ರಿಂದ ಜಿ1ರವರೆಗೆ ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸುತ್ತವೆ. ಜಿ4 ಎಂದರೆ ಮೇಲ್ಮೈಯ ಶಿಲೆ, ಮಣ್ಣು, ಹಳ್ಳದ ಮರಳು ಇವುಗಳ ಸಮೀಕ್ಷೆ, ಹೆಚ್ಚೆಂದರೆ ಅಲ್ಲೊಂದು ಇಲ್ಲೊಂದು ರಂಧ್ರ. ಜಿ1 ಎಂದರೆ ಒತ್ತೊತ್ತಾಗಿ ಕೊರೆದು ಆಕಾರವನ್ನೂ ಪ್ರಮಾಣವನ್ನೂ ಖಚಿತಪಡಿಸಿಕೊಂಡ ಹಂತ. 2021ರ ತಿದ್ದುಪಡಿಯ ಬಳಿಕ ಜಿ4 ಹಂತದ ಪ್ರದೇಶಗಳನ್ನೂ ಸಂಯುಕ್ತ ಪರವಾನಗಿಗಾಗಿ, ಅಂದರೆ ಶೋಧಕ್ಕೂ ಆಮೇಲಿನ ಗಣಿಗಾರಿಕೆಗೂ ಸೇರಿದ ಒಂದೇ ಪರವಾನಗಿಗಾಗಿ, ಹರಾಜಿಗೆ ಇಡಬಹುದು. ಆದ್ದರಿಂದ ಒಂದು ಪ್ರದೇಶ ಹರಾಜಿನ ಪಟ್ಟಿಗೆ ಬಂದಿತೆಂದರೆ ಅಲ್ಲಿ ಚಿನ್ನ ಸಿಕ್ಕಿದೆ ಎಂದು ಅರ್ಥವಲ್ಲ. ಹುಡುಕಲು ಯೋಗ್ಯವೆಂದು ತೋರಿದೆ ಎಂದಷ್ಟೇ. ಕಾಡಿನಡಿಯ ನೆಲಕ್ಕೆ ಇದರ ಒಂದು ಕಹಿ ಪರಿಣಾಮವಿದೆ: ಅಂಕಿಯನ್ನು ನಂಬಬೇಕಾದರೆ ಒತ್ತೊತ್ತಾಗಿ ಕೊರೆಯಬೇಕು, ಒತ್ತೊತ್ತಾಗಿ ಕೊರೆಯಬೇಕಾದರೆ ಯಂತ್ರ ಹೋಗಲು ದಾರಿ, ನೀರು, ಬಯಲು ಬೇಕು. ಗಣಿ ಬೇಕೇ ಬೇಡವೇ ಎಂದು ತೀರ್ಮಾನಿಸಲು ಬೇಕಾದ ಮಾಹಿತಿಗೇ ಕಾಡು ಸ್ವಲ್ಪ ಬೆಲೆ ತೆರಬೇಕಾಗುತ್ತದೆ. ವಿರಳ ರಂಧ್ರಗಳ ಅಂದಾಜನ್ನು ಹಿಡಿದು ಪರ ವಹಿಸುವವರೂ ವಿರೋಧಿಸುವವರೂ ಒಂದೇ ಮಂಜಿನೊಳಗೆ ನಿಂತಿರುತ್ತಾರೆ.

ಅಂದಾಜು ಸರಿಯಿದ್ದರೂ ಅಷ್ಟೂ ಚಿನ್ನ ಕೈಗೆ ಬರುವುದಿಲ್ಲ. ಒಂದು ಮೀಟರ್ ದಪ್ಪದ, ಟನ್ನಿಗೆ 6 ಗ್ರಾಂ ಇರುವ ಪಟ್ಟಿಯನ್ನು ತೆಗೆಯಲು ಆಳುಗಳೂ ಯಂತ್ರವೂ ಹಿಡಿಸುವಂತೆ ಒಂದೂವರೆ ಮೀಟರ್ ಅಗಲಕ್ಕೆ ಸಿಡಿಸಬೇಕು. ಬರಡು ಕಲ್ಲು ಬೆರೆತು ಗಿರಣಿಗೆ ಹೋಗುವಾಗ ಅದು 4 ಗ್ರಾಂ ಆಗಿರುತ್ತದೆ. ಮಾಡು ಕುಸಿಯದಂತೆ ಅಲ್ಲಲ್ಲಿ ಅದಿರನ್ನೇ ಕಂಬವಾಗಿ ಬಿಡಬೇಕು. ಗಿರಣಿಯಲ್ಲಿ ಸಯನೈಡ್ ದ್ರಾವಣ ಅದಿರಿನ ಚಿನ್ನದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಕರಗಿಸಿಕೊಟ್ಟರೆ ಒಳ್ಳೆಯ ಫಲವೇ ಸರಿ. ಗಂಧಕ, ಆರ್ಸೆನಿಕ್‌ಗಳ ಖನಿಜಗಳೊಳಗೆ ಚಿನ್ನ ಅಡಗಿ ಕುಳಿತಿದ್ದರೆ ಅಷ್ಟೂ ಬರುವುದಿಲ್ಲ. ಈ ಲೆಕ್ಕದಲ್ಲಿ ಒಂದು ಕಿಲೋ ಚಿನ್ನಕ್ಕೆ ಸುಮಾರು 278 ಟನ್ ಅದಿರು ಅರೆಯಬೇಕು, ಹತ್ತು ಟನ್ನಿನ ಲಾರಿಗಳಲ್ಲಿ ಇಪ್ಪತ್ತೆಂಟು ಲೋಡು. ಅರೆದ ಹಿಟ್ಟೆಲ್ಲ ಅಲ್ಲೇ ಎಲ್ಲೋ ದಿಬ್ಬವಾಗಿ ಉಳಿಯುತ್ತದೆ. ಕೋಲಾರದ ಸಯನೈಡ್ ದಿಬ್ಬಗಳು ಇಂದಿಗೂ ಅಲ್ಲೇ ಇವೆ; ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಇಳಿಜಾರಿನಲ್ಲಿ ಅಂಥ ದಿಬ್ಬ ಹೇಗೆ ನಿಂತೀತು ಎಂಬುದು ಚಿನ್ನದ ಅಂದಾಜಿನ ಪುಟಗಳಲ್ಲಿ ಬರುವ ಪ್ರಶ್ನೆಯಲ್ಲ, ಆದರೆ ರಿಸೋರ್ಸ್ ಅನ್ನು ರಿಸರ್ವ್ ಎಂದು ಕರೆಯುವ ಮೊದಲು ಉತ್ತರ ಬೇಕಾದ ಪ್ರಶ್ನೆ.

ಇದುವರೆಗೆ ಹೇಳಿದ್ದೆಲ್ಲ ಪ್ರಾಮಾಣಿಕರ ತಪ್ಪುಗಳು. ಅಪ್ರಾಮಾಣಿಕತೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಬ್ರೆ-ಎಕ್ಸ್ ಕಂಪನಿಯ ಪ್ರಕರಣ ಗಣಿಲೋಕದ ಪಾಠವಾಗಿ ಉಳಿದಿದೆ. ಇಂಡೊನೇಷ್ಯಾದ ಬೋರ್ನಿಯೊ ಕಾಡಿನ ಬುಸಾಂಗ್ ಎಂಬಲ್ಲಿ 7 ಕೋಟಿ ಔನ್ಸ್, ಅಂದರೆ ಸುಮಾರು 2,200 ಟನ್ ಚಿನ್ನವಿದೆಯೆಂದು ಆ ಕಂಪನಿ ಸಾರಿತು. ಷೇರುಗಳ ಒಟ್ಟು ಬೆಲೆ 600 ಕೋಟಿ ಕೆನಡಾ ಡಾಲರುಗಳ ಮಟ್ಟಕ್ಕೆ ಏರಿತು. 1997ರಲ್ಲಿ ಪಾಲುದಾರನಾಗಲು ಬಂದ ಇನ್ನೊಂದು ಕಂಪನಿ ಹಳೆಯ ರಂಧ್ರಗಳ ಪಕ್ಕದಲ್ಲೇ ತಾನೂ ಕೊರೆಸಿ ನೋಡಿದಾಗ ಹೇಳಿಕೊಳ್ಳುವಷ್ಟು ಚಿನ್ನ ಸಿಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಸ್ವತಂತ್ರ ತನಿಖೆ ನಡೆಸಿದ ತಜ್ಞರು, ಪುಡಿಮಾಡಿದ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಲಾಗಿತ್ತೆಂದು ವರದಿ ಕೊಟ್ಟರು. ಮಾದರಿಯಲ್ಲಿದ್ದ ಕಣಗಳು ಹೊಳೆಯಲ್ಲಿ ಉರುಳಿ ನುಣುಪಾದ ಕಣಗಳಂತಿದ್ದವು. ಗಟ್ಟಿ ಕಲ್ಲಿನೊಳಗಿಂದ ಬಂದ ಚಿನ್ನಕ್ಕೆ ಆ ರೂಪವಿರುವುದಿಲ್ಲ.

ಇಂದು ಪರೀಕ್ಷೆಗೆ ಕಳಿಸುವ ಮಾದರಿಗಳ ನಡುನಡುವೆ ಚಿನ್ನವೇ ಇಲ್ಲದ ಕಲ್ಲನ್ನೂ, ಪ್ರಮಾಣ ಮೊದಲೇ ಗೊತ್ತಿರುವ ಪುಡಿಯನ್ನೂ, ಒಂದೇ ಮಾದರಿಯ ಎರಡನೆಯ ಪಾಲನ್ನೂ ಗುಟ್ಟಾಗಿ ಸೇರಿಸಿ ಪ್ರಯೋಗಾಲಯವನ್ನೇ ಪರೀಕ್ಷಿಸುವುದು ಕಟ್ಟುನಿಟ್ಟಿನ ರೂಢಿಯಾಗಿದೆ; ಕೆನಡಾ ತನ್ನ ಗಣಿ ಕಂಪನಿಗಳ ಪ್ರಕಟಣೆಗಳಿಗೆ ಬಿಗಿ ನಿಯಮ ತಂದದ್ದೂ ಈ ಹಗರಣದ ಬೆನ್ನಿಗೇ. ಆದರೆ ಬುಸಾಂಗ್‌ನಲ್ಲಿ ಎಲ್ಲಕ್ಕಿಂತ ಮೊದಲು ಅನುಮಾನ ಹುಟ್ಟಿಸಬೇಕಾಗಿದ್ದದ್ದು ಇನ್ನೂ ಸರಳವಾದ ಒಂದು ಸಂಗತಿ. ಅಲ್ಲಿ ಕೋರನ್ನು ಎರಡಾಗಿ ಸೀಳುತ್ತಿರಲಿಲ್ಲ. ಬಹುತೇಕ ಇಡಿಯಾಗಿಯೇ ಪುಡಿಮಾಡಿ ಪರೀಕ್ಷೆಗೆ ಕಳಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಉಳಿಯಬೇಕಿದ್ದ ಅರ್ಧ, ಯಾರಾದರೂ ಬಂದು ನಾನೂ ನೋಡುತ್ತೇನೆ ಎಂದಾಗ ತೆಗೆದು ಕೊಡಬೇಕಿದ್ದ ಅರ್ಧ, ಅಲ್ಲಿ ಇರಲೇ ಇಲ್ಲ.